ಮೂರು ಬಗೆ ಆಲಿವ್ ಮನೆಗೆ ಬಂದಿವೆ: ಹೇಗೆ ಬಳಸುವುದು, ಯಾವ ಸೊಪ್ಪು ಹಾಕುವುದು?

ಬಸವನಗುಡಿ_ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ನನ್ನ ನಾದಿನಿ ಗ್ರೀಸ್ ಪ್ರವಾಸ ಮುಗಿಸಿ ಬರುವಾಗ ಮೂರು ಬಗೆ ಆಲಿವ್ ತಂದುಕೊಟ್ಟಿದ್ದಾಳೆ. ಒಂದು ನೇರಳೆ ಬಣ್ಣದ್ದು, ತುದಿ ಚೂಪು, ಮೇಲೆ ಕಲಮಾಟ ಅಂತ ಇದೆ. ಎರಡನೆಯದು ದಪ್ಪ ಹಸಿರು ಕಾಯಿ, ಹಲ್ಕಿದಿಕಿ. ಮೂರನೆಯದು ಥಾಸೊಸ್ ದ್ವೀಪದ್ದು. ಕಪ್ಪಗೆ ಸುಕ್ಕುಗಟ್ಟಿದೆ, ಉಪ್ಪುನೀರೇ ಇಲ್ಲ, ಪ್ಯಾಕೆಟ್‌ನಲ್ಲಿ ಬರೀ ಕಾಯಿ. ಜೊತೆಗೆ ಕಡ್ಡಿ ಸಮೇತ ಒಣಗಿಸಿದ ಒರೆಗಾನೊ ಒಂದು ಕಟ್ಟು.

ನಮಗೆ ಇಷ್ಟು ದಿನ ಗೊತ್ತಿದ್ದದ್ದು ಪಿಜ್ಜಾ ಮೇಲಿನ ಕಪ್ಪು ಬಳೆ ಮಾತ್ರ. ಇವು ಅದರ ಹಾಗೆ ಇಲ್ಲವೇ ಇಲ್ಲ. ಅತ್ತೆ ಒಂದು ತಿಂದು "ಉಪ್ಪು ಜಾಸ್ತಿ, ಆದರೆ ಬಿಡಕ್ಕಾಗಲ್ಲ" ಅಂದರು. ಮೂರನ್ನೂ ಒಂದೇ ತರ ಬಳಸಬಹುದಾ? ಯಾವುದಕ್ಕೆ ಯಾವ ಸೊಪ್ಪು? ತೆರೆದ ಮೇಲೆ ಎಷ್ಟು ದಿನ ಇರುತ್ತದೆ? ನಾವು ಸಸ್ಯಾಹಾರಿಗಳು. ಗೊತ್ತಿದ್ದವರು ಹೇಳಿ.

ಲಿಮಸೋಲ್_ನಿವಾಸಿ

ಸೈಪ್ರಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಆಲಿವ್ ಇಲ್ಲದ ಊಟವೇ ಇಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮರದಿಂದ ಕಿತ್ತ ಆಲಿವ್ ಕಾಯಿಯನ್ನು ಹಾಗೇ ತಿನ್ನಲಾಗುವುದಿಲ್ಲ. ಕಚ್ಚಿದರೆ ಬಾಯೆಲ್ಲ ಕಹಿ, ಉಗುಳಿದ ಮೇಲೂ ಬಿಡುವುದಿಲ್ಲ. ಒಲಿಯುರೋಪೀನ್ ಅನ್ನುವ ಅಂಶ ಅದಕ್ಕೆ ಕಾರಣ. ಈ ಕಹಿ ತೆಗೆಯುವುದೇ ಆಲಿವ್ ಹದ ಮಾಡುವ ಕೆಲಸ. ಬರೀ ನೀರು, ಉಪ್ಪುನೀರು, ಒಣ ಉಪ್ಪು, ಕಾಸ್ಟಿಕ್ ಸೋಡಾ: ಮುಖ್ಯವಾಗಿ ಈ ನಾಲ್ಕು ದಾರಿ. ನಿಮ್ಮ ಮೂರು ಕಾಯಿಗಳ ರುಚಿ ಬೇರೆ ಬೇರೆ ಇರುವುದಕ್ಕೆ ತಳಿ ಒಂದು ಕಾರಣ. ಹದ ಮಾಡಿದ ರೀತಿ ಅದಕ್ಕಿಂತ ದೊಡ್ಡ ಕಾರಣ. ಹಸಿರು, ಕಪ್ಪು ಅನ್ನುವುದು ಬೇರೆ ಜಾತಿ ಅಲ್ಲ. ಬೇಗ ಕಿತ್ತರೆ ಹಸಿರು, ಮರದಲ್ಲೇ ಹಣ್ಣಾಗಲು ಬಿಟ್ಟರೆ ನೇರಳೆ, ಆಮೇಲೆ ಕಪ್ಪು.

ಕಲಮಾಟ: ಗ್ರೀಸ್‌ನ ದಕ್ಷಿಣದಲ್ಲಿ ಪೆಲೊಪೊನ್ನೀಸ್ ಅಂತ ಪ್ರದೇಶ ಇದೆ, ಅಲ್ಲಿನ ಊರಿನ ಹೆಸರು ಇದು. ಹಣ್ಣಾದ ಮೇಲೆ ಕೀಳುತ್ತಾರೆ. ಒಂದೊಂದಕ್ಕೂ ಉದ್ದಕ್ಕೆ ಸೀಳು ಹಾಕಿ ಕಹಿ ಇಳಿಸಿ ಉಪ್ಪುನೀರಿನಲ್ಲಿ ಇಡುತ್ತಾರೆ. ಕೊನೆಗೆ ಕೆಂಪು ವೈನ್ ವಿನೆಗರ್ ಸೇರುತ್ತದೆ. ಕೈಯಲ್ಲಿ ಹಿಡಿದು ನೋಡಿ, ಸೀಳಿನ ಗೆರೆ ಕಾಣಬಹುದು. ಹುಳಿ ಅಲ್ಲಿಂದಲೇ ಒಳಗೆ ಇಳಿದಿರುವುದು. ಟೊಮೆಟೊ, ಈರುಳ್ಳಿ, ಸೌತೆಕಾಯಿ, ಫೆಟಾ ಚೀಸ್, ಮೇಲೆ ಒರೆಗಾನೊ, ಆಲಿವ್ ಎಣ್ಣೆ: ಗ್ರೀಸ್‌ನ ಹಳ್ಳಿ ಸಲಾಡ್‌ಗೆ ಇದೇ ಸರಿ. ಲೆಟ್ಯೂಸ್ ಹಾಕುವುದಿಲ್ಲ. ಫೆಟಾ ಪುಡಿ ಮಾಡುವುದಿಲ್ಲ, ದಪ್ಪ ಬಿಲ್ಲೆಯಾಗಿ ಮೇಲೆ ಇಡುತ್ತಾರೆ. ಒರೆಗಾನೊ ಬೀಳುವುದು ಅದರ ಮೇಲೆ.

ಹಲ್ಕಿದಿಕಿ: ಉತ್ತರ ಗ್ರೀಸ್‌ನದು. ದಪ್ಪ ತಿರುಳು, ಗಟ್ಟಿ. ಒಳಗೆ ಬಾದಾಮಿ, ಬೆಳ್ಳುಳ್ಳಿ, ಕೆಂಪು ಕ್ಯಾಪ್ಸಿಕಂ ತುಂಬುವುದು ಹೆಚ್ಚಾಗಿ ಇಂಥ ದೊಡ್ಡ ಕಾಯಿಗೆ. ನಿಂಬೆ ಸಿಪ್ಪೆ, ಥೈಮ್, ಸೋಂಪು ಇದಕ್ಕೆ ಒಪ್ಪುತ್ತವೆ.

ಥಾಸೊಸ್: ನಿಮ್ಮ ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಹೆಸರು ಥ್ರೂಂಬಾ. ಮರದಲ್ಲೇ ಪೂರ್ತಿ ಹಣ್ಣಾಗಿ ಸುಕ್ಕುಗಟ್ಟುವವರೆಗೆ ಬಿಡುತ್ತಾರೆ. ಅಷ್ಟರಲ್ಲಿ ಕಹಿ ತುಂಬಾ ಇಳಿದಿರುತ್ತದೆ. ಆಮೇಲೆ ಒಣ ಉಪ್ಪು. ನೀರು ಬಿಟ್ಟುಕೊಂಡು ರುಚಿ ಗಟ್ಟಿಯಾಗುತ್ತದೆ, ಎಣ್ಣೆಯ ಅಂಶ ನಾಲಿಗೆಗೆ ಸಿಗುತ್ತದೆ. ಇದನ್ನು ಅಡುಗೆಗೆ ಹಾಕಿ ಬೇಯಿಸಬೇಡಿ. ಒಂದು ತಟ್ಟೆಯಲ್ಲಿ ಹಾಕಿ, ಎರಡು ಚಮಚ ಆಲಿವ್ ಎಣ್ಣೆ, ನಿಮ್ಮ ಒರೆಗಾನೊ ಕಟ್ಟಿನಿಂದ ಒಂದು ಚಿಟಿಕೆ, ಜೊತೆಗೆ ಬ್ರೆಡ್. ಅಷ್ಟೇ.

ಒರೆಗಾನೊ ಬಗ್ಗೆ ಒಂದು ಮಾತು. ಕಡ್ಡಿಯಿಂದ ಎಲ್ಲಾ ಎಲೆ ಉದುರಿಸಿ ಪುಡಿ ಮಾಡಿ ಇಡಬೇಡಿ. ಬೇಕಾದಾಗ ಒಂದು ಕಡ್ಡಿ ತೆಗೆದು ಎರಡೂ ಅಂಗೈ ನಡುವೆ ತಟ್ಟೆಯ ಮೇಲೇ ಉಜ್ಜಿ. ಪರಿಮಳ ಆಗಲೇ ಬಿಡುವುದು.

ಹೆಬ್ಬಾಳ_ಹುಡುಗ

ಹಾಗಾದರೆ ಪಿಜ್ಜಾ ಮೇಲೆ ಬರುವ ಕಪ್ಪು ಆಲಿವ್ ಯಾವುದು? ಅದಕ್ಕೆ ಹುಳಿಯೂ ಇಲ್ಲ, ಕಹಿಯೂ ಇಲ್ಲ. ಅದು ತಿಂದೇ ನಾನು ಆಲಿವ್ ನನಗಾಗದು ಅಂದುಕೊಂಡಿದ್ದೆ.

ಸೆಂಟ್ರಲ್‌ವ್ಯಾಲಿ_ಕನ್ನಡತಿ

ಅದು ನಮ್ಮ ಕ್ಯಾಲಿಫೋರ್ನಿಯಾದ ಪದ್ಧತಿ. ನಾನು ಇರುವುದು ಇಲ್ಲೇ, ಅದಕ್ಕೆ ಉತ್ತರ ಕೊಡುತ್ತೇನೆ.

ಆ ಕಪ್ಪು ಮರದಲ್ಲಿ ಬಂದದ್ದಲ್ಲ. ಕಾಯಿ ಹಸಿರಿರುವಾಗಲೇ ಕೀಳುತ್ತಾರೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ಕಹಿ ತೆಗೆಯುತ್ತಾರೆ. ನಡುನಡುವೆ ಗಾಳಿ ಹಾಯಿಸುತ್ತಾರೆ, ಗಾಳಿ ತಾಗಿ ಕಾಯಿ ಕಪ್ಪಾಗುತ್ತದೆ. ಬಣ್ಣ ನಿಲ್ಲಲಿ ಅಂತ ಫೆರಸ್ ಗ್ಲುಕೊನೇಟ್ ಹಾಕುತ್ತಾರೆ. ಡಬ್ಬದ ಹಿಂದೆ ಆ ಹೆಸರೋ ಅಥವಾ ಇ 579 ಅಂತಲೋ ಇದ್ದರೆ ಅದು ಈ ಬಗೆ ಅಂತ ತಿಳಿದುಕೊಳ್ಳಿ. ಸ್ಪೇನ್‌ನಿಂದ ಬರುವ ಕಪ್ಪು ಆಲಿವ್ ಡಬ್ಬಗಳಲ್ಲೂ ತುಂಬಾ ಇದೇ ರೀತಿಯವು. ಹುದುಗು ಬರಿಸುವುದೇ ಇಲ್ಲ, ಅದಕ್ಕೇ ಹುಳಿ ಇಲ್ಲ.

ಈ ಪದ್ಧತಿ ಬೆಳೆಸಿದವರಲ್ಲಿ ದೊಡ್ಡ ಹೆಸರು ಫ್ರೀಡಾ ಎಮನ್. 1890ರ ದಶಕದ ಕೊನೆಯಲ್ಲಿ, ಗಂಡನನ್ನು ಕಳೆದುಕೊಂಡ ಮೇಲೆ, ಮನೆಯ ಹಿಂಭಾಗದಲ್ಲಿ ಪೀಪಾಯಿ ಇಟ್ಟುಕೊಂಡು ಕೆಲಸ ಶುರು ಮಾಡಿದ ಹೆಂಗಸು. ಓರೊವಿಲ್ ಊರಿನಲ್ಲಿ ದೊಡ್ಡ ಕಾರ್ಖಾನೆ ಆಯಿತು.

ಡಬ್ಬದ ಆಲಿವ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಆದರೆ ಅದೊಂದನ್ನು ತಿಂದು ಆಲಿವ್ ಅಂದರೆ ಇಷ್ಟೇ ಅನ್ನಬೇಡಿ. ಒಮ್ಮೆ ಸಿಸಿಲಿಯ ಕಾಸ್ಟೆಲ್‌ವೆಟ್ರಾನೊ ಸಿಕ್ಕರೆ ತಿಂದು ನೋಡಿ. ಹೊಳೆಯುವ ಹಸಿರು, ತಿರುಳು ಕರುಕುರು, ಸಿಹಿ ಕಡೆಗೆ ವಾಲುವ ರುಚಿ. ಮೊದಲ ಸಲ ತಿನ್ನುವವರಿಗೆ ನಾನು ಕೊಡುವುದು ಅದನ್ನೇ.

ನಮ್ಮ ಬೀದಿಯಲ್ಲಿ ಸಾಲಾಗಿ ಆಲಿವ್ ಮರಗಳಿವೆ. ಕಾಯಿ ಉದುರಿ ಕಾರಿನ ಮೇಲೆಲ್ಲ ಕಲೆ. ಜನ ಬೈದುಕೊಳ್ಳುತ್ತಾರೆ, ಕೀಳಲು ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಮನೆಯಲ್ಲಿ ಹದ ಮಾಡುವ ಬಗ್ಗೆ ಯಾರಿಗಾದರೂ ಬೇಕಿದ್ದರೆ ಬರೆಯುತ್ತೇನೆ.

ಶಿರಸಿ_ಮಿಡಿ

ಬರೀರಿ ಅಕ್ಕಾ, ಖಂಡಿತ ಬೇಕು. ನಮ್ಮಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕುತ್ತೇವೆ. ಮಿಡಿ ನೀರು ಬಿಟ್ಟು ಸುರುಟುವವರೆಗೆ ಭರಣಿಯಲ್ಲಿ ದಿನಾ ಕುಲುಕಿ, ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಮಸಾಲೆಗೆ ಬಳಸುತ್ತೇವೆ. ಲಿಮಸೋಲ್ ಅಣ್ಣ ಹೇಳಿದ ಒಣ ಉಪ್ಪಿನ ಥ್ರೂಂಬಾ ಕೇಳಿದಾಗ ಅದೇ ನೆನಪಾಯಿತು. ಆಲಿವ್‌ಗೆ ಉಪ್ಪಿನ ಲೆಕ್ಕ ಎಷ್ಟು? ಕಣ್ಣಳತೆಯಾ, ತೂಕವಾ?

ಸೆಂಟ್ರಲ್‌ವ್ಯಾಲಿ_ಕನ್ನಡತಿ

ತೂಕ. ಕಣ್ಣಳತೆ ಬೇಡ.

ಒಣ ಉಪ್ಪಿನ ರೀತಿಗೆ ಚೆನ್ನಾಗಿ ಹಣ್ಣಾದ ಸಣ್ಣ ಕಪ್ಪು ಕಾಯಿ ಬೇಕು. ಎರಡು ಕೆ.ಜಿ. ಕಾಯಿಗೆ ಒಂದು ಕೆ.ಜಿ. ಉಪ್ಪು. ಕೆಳಗೆ ತೂತಿರುವ ಮರದ ಪೆಟ್ಟಿಗೆ ಅಥವಾ ಬಟ್ಟೆ ಚೀಲ, ಯಾಕೆಂದರೆ ಇಳಿಯುವ ಕಪ್ಪು ನೀರು ಹೊರಗೆ ಹೋಗಬೇಕು. ನಿಮ್ಮ ಮಿಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅದೇ: ಮಿಡಿ ಬಿಟ್ಟ ನೀರು ನೀವು ಇಟ್ಟುಕೊಳ್ಳುತ್ತೀರಿ, ಆಲಿವ್ ಬಿಟ್ಟ ನೀರಿನಲ್ಲಿ ಕಹಿ ಇರುತ್ತದೆ, ಅದನ್ನು ಚೆಲ್ಲಲೇಬೇಕು. ವಾರಕ್ಕೊಮ್ಮೆ ಮಗುಚಿ. ನಾಲ್ಕರಿಂದ ಆರು ವಾರಕ್ಕೆ ಕಹಿ ಇಳಿಯುತ್ತದೆ. ಉಪ್ಪು ಕೊಡವಿ, ಒಂದು ರಾತ್ರಿ ಆರಲು ಬಿಟ್ಟು, ಎಣ್ಣೆ ಸವರಿ ಫ್ರಿಜ್‌ನಲ್ಲಿ ಇಡಿ.

ಹಸಿರು ಕಾಯಿಗೆ ನೀರಿನ ರೀತಿ ಸುಲಭ. ಕಲ್ಲಿನಿಂದಲೋ ಮರದ ಸುತ್ತಿಗೆಯಿಂದಲೋ ಒಂದೇ ಏಟು ಕೊಟ್ಟು ಸಿಪ್ಪೆ ಒಡೆಯಿರಿ, ಬೀಜ ಒಡೆಯಬಾರದು. ತಣ್ಣೀರಿನಲ್ಲಿ ಮುಳುಗಿಸಿ ಮೇಲೆ ಭಾರ ಇಡಿ. ದಿನಾ ನೀರು ಬದಲಿಸಿ. ಒಂದು ವಾರ ಆದ ಮೇಲೆ ಒಂದು ಕಚ್ಚಿ ನೋಡಿ. ಕಹಿ ಇನ್ನೂ ಹೆಚ್ಚಿದ್ದರೆ ಮತ್ತೆ ಕೆಲವು ದಿನ. ಆಮೇಲೆ ಲೀಟರ್ ನೀರಿಗೆ 100 ಗ್ರಾಂ ಉಪ್ಪು, ಒಂದಿಷ್ಟು ವಿನೆಗರ್ ಅಥವಾ ನಿಂಬೆರಸ, ಇದರಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ. ಅಯೋಡಿನ್ ಇಲ್ಲದ ಕಲ್ಲುಪ್ಪು ಒಳ್ಳೆಯದು.

ಕಾಯಿ ಆರಿಸುವಾಗ ಸಣ್ಣ ತೂತು, ಕಂದು ಚುಕ್ಕೆ ಇದ್ದದ್ದು ಬಿಡಿ. ಆಲಿವ್ ನೊಣ ಮೊಟ್ಟೆ ಇಟ್ಟಿರುತ್ತದೆ, ಒಳಗೆ ಹುಳ.

ಕಾಸ್ಟಿಕ್ ಸೋಡಾ ಮಾತ್ರ ಮನೆಯಲ್ಲಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಅಲ್ಯೂಮಿನಿಯಂ ಪಾತ್ರೆ ತಿಂದುಹಾಕುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಯೋಚಿಸಲೇಬೇಡಿ. ನೀರಿನಲ್ಲಿ ಆಗುವ ಕೆಲಸಕ್ಕೆ ಅದೇಕೆ?

ಲಿಮಸೋಲ್_ನಿವಾಸಿ

ತಕ್ಕಡಿ ಇಲ್ಲದ ಕಾಲದಲ್ಲಿ ಇಲ್ಲಿನ ಅಜ್ಜಿಯರು ಮೊಟ್ಟೆ ಇಟ್ಟು ಉಪ್ಪುನೀರು ಅಳೆಯುತ್ತಿದ್ದರು. ತಾಜಾ ಮೊಟ್ಟೆಯನ್ನು ನೀರಿಗೆ ಬಿಟ್ಟು ಉಪ್ಪು ಕರಗಿಸುತ್ತಾ ಹೋಗುವುದು. ಮೊಟ್ಟೆ ತೇಲಿ, ಮೇಲೆ ನಾಣ್ಯದಷ್ಟು ಅಗಲ ಕಂಡರೆ ಸಾಕು. ಈಗಲೂ ಹಳ್ಳಿಗಳಲ್ಲಿ ಹೀಗೆ ಮಾಡುವವರಿದ್ದಾರೆ. ಅದು ಸುಮಾರು ಕನ್ನಡತಿ ಮೇಡಂ ಹೇಳಿದ ಲೆಕ್ಕಕ್ಕೇ ಬರುತ್ತದೆ.

ಇನ್ನು ನಮ್ಮವರಿಗೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಇದು. ಸೈಪ್ರಸ್‌ನ ಒಡೆದ ಹಸಿರು ಆಲಿವ್‌ಗೆ ಹಾಕುವ ಮಸಾಲೆ ಏನು ಗೊತ್ತಾ? ಕೊತ್ತಂಬರಿ ಬೀಜ! ಹೆಸರು ಎಲಿಯೆಸ್ ಚಕಿಸ್ತೆಸ್. ಮೇಲೆ ಹೇಳಿದ ಹಾಗೆ ಜಜ್ಜಿ, ನೀರಿನಲ್ಲಿ ಕಹಿ ಇಳಿಸಿ, ಉಪ್ಪುನೀರಿನಲ್ಲಿ ಇಟ್ಟಿರುತ್ತಾರೆ. ಬಡಿಸುವ ಹೊತ್ತಿಗೆ ಒಂದು ಬಟ್ಟಲಷ್ಟು ತೆಗೆದು, ಜಜ್ಜಿದ ಬೆಳ್ಳುಳ್ಳಿ ಒಂದೆರಡು ಎಸಳು, ಒಂದು ಚಮಚ ಕುಟ್ಟಿದ ಕೊತ್ತಂಬರಿ ಬೀಜ, ನಿಂಬೆಯ ಸಣ್ಣ ಹೋಳು, ಆಲಿವ್ ಎಣ್ಣೆ ಹಾಕಿ ಕಲಸುತ್ತಾರೆ. ಬೀಜ ಹುರಿಯುವುದಿಲ್ಲ, ಹಸಿಯದನ್ನೇ ಕುಟ್ಟುತ್ತಾರೆ. ಪುಡಿ ಆಗಬಾರದು, ಎರಡು ಮೂರು ತುಂಡಾದರೆ ಸಾಕು. ಹಲ್ಲಿಗೆ ಸಿಕ್ಕಾಗ ಒಳಗಿನ ಕಿತ್ತಳೆ ಸಿಪ್ಪೆಯಂಥ ಪರಿಮಳ ಬಿಡುತ್ತದೆ.

ಬಸವನಗುಡಿಯವರೇ, ನಿಮ್ಮ ಹಲ್ಕಿದಿಕಿ ಕಾಯಿಗೆ ಇದನ್ನೇ ಮಾಡಿ. ಸ್ಪೇನ್‌ನಲ್ಲಿ ಮಾಲಗಾ ಕಡೆಯ ಅಲೊರೆನ್ಯಾ ಆಲಿವ್ ಅಂತ ಇದೆ. ಅದನ್ನೂ ಒಡೆದು ಥೈಮ್, ಸೋಂಪಿನ ಗಿಡ, ಬೆಳ್ಳುಳ್ಳಿ, ಕ್ಯಾಪ್ಸಿಕಂ ಹಾಕಿ ಹದ ಮಾಡುತ್ತಾರೆ. ಊರು ಬದಲಾದ ಹಾಗೆ ಸೊಪ್ಪು ಬದಲಾಗುತ್ತದೆ, ಅಷ್ಟೇ.

ತಾರಸಿ_ತೋಟ

ಸೊಪ್ಪಿನ ವಿಷಯಕ್ಕೆ ನಾನು ಬರುತ್ತೇನೆ. ಬೆಂಗಳೂರಿನಲ್ಲಿ ತಾರಸಿ ಮೇಲೆ ಇವೆಲ್ಲ ಬೆಳೆಯುತ್ತೇನೆ.

ಅಡುಗೆಗೆ ಇಳಿಯುವ ಮೊದಲು ಸೊಪ್ಪನ್ನು ಎರಡು ಗುಂಪು ಮಾಡಿಕೊಳ್ಳಿ. ರೋಸ್‌ಮೆರಿ, ಥೈಮ್, ಸೇಜ್, ಒರೆಗಾನೊ ಗಟ್ಟಿ ಎಲೆಯವು. ಒಣಗಿಸಿದರೂ ಪರಿಮಳ ಉಳಿಯುತ್ತದೆ. ಒರೆಗಾನೊ ಅಂತೂ ಒಣಗಿದ ಮೇಲೇ ಚೆನ್ನ. ಇವನ್ನು ಮೊದಲೇ ಎಣ್ಣೆಗೆ ಹಾಕಬಹುದು. ಬೇಸಿಲ್, ಪಾರ್ಸ್ಲಿ, ಪುದೀನ, ಸಬ್ಬಸಿಗೆ ಮೆತ್ತನೆ ಎಲೆಯವು. ಒಲೆ ಆರಿಸಿದ ಮೇಲೆ ಹಾಕಬೇಕು. ಬೇಸಿಲ್ ಒಣಗಿಸಿದ್ದು ನನಗೆ ಒಣ ಹುಲ್ಲು ಅನ್ನಿಸುತ್ತದೆ, ಕೊಳ್ಳುವುದೇ ಇಲ್ಲ.

ಈಗ ನಮ್ಮ ಮನೆಗಳಲ್ಲಿ ಆಗಲೇ ಇರುವುದನ್ನು ನೋಡೋಣ.

ದೊಡ್ಡಪತ್ರೆ. ತಂಬುಳಿ ಮಾಡುತ್ತೇವಲ್ಲ, ಅದೇ. ಎಲೆ ಹಿಸುಕಿ ಮೂಸಿ, ಆಮೇಲೆ ಒರೆಗಾನೊ ಮೂಸಿ. ತುಂಬಾ ಹತ್ತಿರ. ಎರಡರಲ್ಲೂ ಕಾರ್ವಕ್ರಾಲ್ ಅನ್ನುವ ಎಣ್ಣೆ ಅಂಶ ಇದೆ. ಕ್ಯೂಬಾ ಕಡೆ ಇದನ್ನು ಒರೆಗಾನೊ ಅಂತಲೇ ಅಡುಗೆಗೆ ಹಾಕುತ್ತಾರೆ. ಆದರೆ ನೀರಿನ ಅಂಶ ಜಾಸ್ತಿ, ಒಣಗಿಸಲು ಹೋಗಬೇಡಿ. ಒಂದೇ ಎಲೆ ಸಣ್ಣಗೆ ಹೆಚ್ಚಿ, ಬೆಚ್ಚಗಿನ ಎಣ್ಣೆಯಲ್ಲಿ ಬಾಡಿಸಿ, ಆ ಎಣ್ಣೆ ಆಲಿವ್ ಮೇಲೆ ಸುರಿಯಿರಿ. ಎರಡು ಎಲೆ ಹಾಕಿದರೆ ಕಷಾಯದ ವಾಸನೆ ಬಂದುಬಿಡುತ್ತದೆ.

ಓಮ. ಥೈಮ್‌ನ ಪರಿಮಳಕ್ಕೆ ಕಾರಣವಾದ ಥೈಮಾಲ್ ಓಮದಲ್ಲೂ ಇದೆ, ಅದೂ ಹೇರಳವಾಗಿ. ನಾಲ್ಕೈದು ಕಾಳು ಸಾಕು. ಹಸಿರು ಆಲಿವ್‌ಗೆ ಹೊಂದುತ್ತದೆ.

ಮರುಗ. ಮಲ್ಲಿಗೆ ಮಾಲೆಯಲ್ಲಿ ನಡುನಡುವೆ ಕಟ್ಟುವ ಹಸಿರು ಎಲೆ. ಇದು ಯುರೋಪಿನ ಅಡುಗೆಯಲ್ಲಿ ಬಳಸುವ ಮಾರ್ಜೊರಮ್! ಒರೆಗಾನೊದ ಹತ್ತಿರದ ಬಳಗ, ಆದರೆ ಖಾರ ಇಲ್ಲ, ಮೆತ್ತಗೆ, ಸಿಹಿಯಾದ ಪರಿಮಳ. ನಾವು ಮುಡಿಯುತ್ತೇವೆ, ಅವರು ತಿನ್ನುತ್ತಾರೆ. ಹೂವಿನ ಅಂಗಡಿಯಿಂದ ತಂದದ್ದನ್ನು ಅಡುಗೆಗೆ ಹಾಕಬೇಡಿ, ಮುಡಿಯುವುದಕ್ಕೆ ಅಂತ ಬೆಳೆದಿರುತ್ತಾರೆ, ಯಾವ ಔಷಧಿ ಹೊಡೆದಿರುತ್ತಾರೋ. ಒಂದು ಕಡ್ಡಿ ಕುಂಡದಲ್ಲಿ ನೆಟ್ಟು ಬೆಳೆಸಿ. ಎಳೆ ಎಲೆ ಕಿತ್ತು, ನಿಂಬೆ ಸಿಪ್ಪೆ ತುರಿ ಜೊತೆ ಹಸಿರು ಆಲಿವ್‌ಗೆ ಕಲಸಿ ನೋಡಿ. ನಮ್ಮ ಮನೆಗೆ ಬಂದವರೆಲ್ಲ ಇದೇನು ಅಂತ ಕೇಳಿದ್ದಾರೆ.

ಅಂಗಡಿಯಲ್ಲಿ ಒರೆಗಾನೊ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ಓದಿ. ಸೀಸನಿಂಗ್ ಅಂತ ಇದ್ದರೆ ಒಳಗೆ ಉಪ್ಪು, ಬೆಳ್ಳುಳ್ಳಿ ಪುಡಿ, ಮೆಣಸಿನಕಾಯಿ ಸೇರಿರುತ್ತದೆ. ಆಲಿವ್‌ಗೆ ಮತ್ತೆ ಉಪ್ಪು ಬೇಕಾ?

ಹೆಬ್ಬಾಳ_ಹುಡುಗ

ಬೇಸಿಲ್ ಬದಲು ತುಳಸಿ ಹಾಕಬಹುದಾ? ಎರಡೂ ಒಂದೇ ಅಲ್ವಾ?

ತಾರಸಿ_ತೋಟ

ಒಂದೇ ಬಳಗ, ಆದರೆ ಬೇರೆ ಗಿಡ. ತುಳಸಿಯಲ್ಲಿ ಲವಂಗದ ಕಡೆಯ ಖಾರ ಇದೆ, ಟೊಮೆಟೊ ಜೊತೆ ಔಷಧಿ ಅನ್ನಿಸುತ್ತದೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿ. ಫಾಲೂದಾಕ್ಕೆ ಹಾಕುವ ಬೀಜ ಅದರದ್ದೇ. ನಮ್ಮ ಕಡೆಯ ಕಾಮಕಸ್ತೂರಿ ಇಟಲಿಯ ತಳಿಗಿಂತ ಘಾಟು. ಕಡಿಮೆ ಹಾಕಿ, ಎಳೆಯ ಎಲೆ ಮಾತ್ರ ಹಾಕಿ.

ಮಂಗಳೂರು_ಮಸಾಲೆ

ಇದೇ ತರ ಇನ್ನೊಂದು. ಬೇ ಲೀಫ್ ಅಂತ ಬರೆದಿದ್ದಕ್ಕೆಲ್ಲ ನಾವು ಪಲಾವ್ ಎಲೆ ಹಾಕುತ್ತೇವೆ. ಅದು ದಾಲ್ಚಿನ್ನಿಯ ಬಳಗದ ಮರ. ಮೆಡಿಟರೇನಿಯನ್ ಕಡೆಯ ಲಾರೆಲ್ ಎಲೆ ಬೇರೆ. ನೋಡಿದರೆ ಗೊತ್ತಾಗುತ್ತದೆ: ಪಲಾವ್ ಎಲೆಯಲ್ಲಿ ಉದ್ದಕ್ಕೆ ಮೂರು ನರ, ಲಾರೆಲ್‌ನಲ್ಲಿ ನಡುವೆ ಒಂದೇ. ಆಲಿವ್ ಎಣ್ಣೆಗೆ ಪಲಾವ್ ಎಲೆ ಹಾಕಿದರೆ ಬಿರಿಯಾನಿ ಪರಿಮಳ ಬರುತ್ತದೆ. ಲಾರೆಲ್ ಸಿಗದಿದ್ದರೆ ಬಿಟ್ಟುಬಿಡಿ, ಬದಲಿ ಬೇಡ.

ಬಸವನಗುಡಿ_ಅಡುಗೆಮನೆ

ಎಷ್ಟು ವಿಷಯ! ಎಲ್ಲರಿಗೂ ಧನ್ಯವಾದ. ಸೈಪ್ರಸ್ ರೀತಿ ಕೊತ್ತಂಬರಿ ಬೀಜ ಹಾಕಿ ಮಾಡಿದೆ. ಅತ್ತೆ ಮೊಸರನ್ನದ ಜೊತೆ ಹಾಕಿಸಿಕೊಂಡರು, ಉಪ್ಪಿನಕಾಯಿ ಕೇಳಲೇ ಇಲ್ಲ. ಬೀಜ ಜಜ್ಜಿದ್ದು ಒರಳಿನಲ್ಲಿ. ಮಿಕ್ಸಿಗೆ ಹಾಕಿದರೆ ಪುಡಿ ಆಗುತ್ತದೆ, ಹಾಗೆ ಮಾಡಬೇಡಿ.

ಇನ್ನೊಂದು ಪ್ರಶ್ನೆ. ಬೆಳ್ಳುಳ್ಳಿ, ರೋಸ್‌ಮೆರಿ ಹಾಕಿ ಎಣ್ಣೆ ತುಂಬಿಸಿ ದೊಡ್ಡ ಜಾಡಿಯಲ್ಲಿ ಮಾಡಿಟ್ಟರೆ ಹೊರಗೆ ಇಡಬಹುದಾ? ಯುಗಾದಿಗೆ ನೆಂಟರಿಗೆಲ್ಲ ಒಂದೊಂದು ಬಾಟಲಿ ಕೊಡುವ ಆಸೆ.

ಸೆಂಟ್ರಲ್‌ವ್ಯಾಲಿ_ಕನ್ನಡತಿ

ಬೇಡ. ಇದನ್ನು ದಯವಿಟ್ಟು ಎಲ್ಲರೂ ಓದಿ.

ಹಸಿ ಬೆಳ್ಳುಳ್ಳಿಗೂ ಹಸಿ ಸೊಪ್ಪಿಗೂ ಮಣ್ಣಿನಿಂದ ಬಾಟುಲಿಸಂ ರೋಗಾಣುವಿನ ಬೀಜಕಣ ಅಂಟಿರಬಹುದು. ಎಣ್ಣೆ ಅಡಿಯಲ್ಲಿ ಗಾಳಿ ಇಲ್ಲ, ಹುಳಿಯೂ ಇಲ್ಲ. ಹೊರಗಿನ ಬಿಸಿಗೆ ಅದು ಬೆಳೆದು ವಿಷ ಬಿಡುತ್ತದೆ. ವಾಸನೆಯಲ್ಲಿ, ರುಚಿಯಲ್ಲಿ ಏನೂ ಗೊತ್ತಾಗದೆ ಇರಬಹುದು. ನಮ್ಮ ಉಪ್ಪಿನಕಾಯಿ ಉಳಿಯುವುದು ಎಣ್ಣೆಯಿಂದ ಅಲ್ಲ, ಒಳಗಿನ ಉಪ್ಪು ಮತ್ತು ಹುಳಿಯಿಂದ. ಅದನ್ನು ನೋಡಿ ಇದೂ ಹಾಗೇ ಅಂದುಕೊಳ್ಳಬಾರದು.

ಆಲಿವ್ ಉದ್ಯಮ ಈ ಪಾಠವನ್ನು ಜೀವ ತೆತ್ತು ಕಲಿತಿದೆ. 1919ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ ಒಂದು ಔತಣಕೂಟದಲ್ಲಿ ಕ್ಯಾಲಿಫೋರ್ನಿಯಾದ ಆಲಿವ್ ತಿಂದವರು ಇದೇ ವಿಷದಿಂದ ಸತ್ತರು. ಅದೇ ಸುಮಾರಿಗೆ ಬೇರೆ ಊರುಗಳಲ್ಲೂ ಸಾವು ಆದವು. ಡಬ್ಬದ ಆಲಿವ್‌ಗೆ ಅಷ್ಟು ಹೆಚ್ಚು ಬಿಸಿ ಕೊಡಬೇಕು ಅನ್ನುವ ಕಟ್ಟುನಿಟ್ಟು ಬಂದದ್ದು ಅದಾದ ಮೇಲೆ.

ಹಾಗಾಗಿ ಬೆಳ್ಳುಳ್ಳಿ ಎಣ್ಣೆ ಹಾಕಿ ಕಲಸಿದ್ದು ಫ್ರಿಜ್‌ನಲ್ಲೇ ಇರಲಿ, ನಾಲ್ಕು ದಿನದೊಳಗೆ ಮುಗಿಸಿ. ಮನೆಯಲ್ಲಿ ಹದ ಮಾಡಿದ ಉಪ್ಪುನೀರಿನ ಜಾಡಿಗೆ ಹುಳಿ ಅಳೆಯುವ ಪಿ.ಎಚ್. ಪಟ್ಟಿ ಅದ್ದಿ ನೋಡಿ, 4.6ಕ್ಕಿಂತ ಕಡಿಮೆ ಇರಬೇಕು. ನೆಂಟರಿಗೆ ಕೊಡಬೇಕಾದರೆ ಅಂಗಡಿಯ ಸೀಲ್ ಮಾಡಿದ ಬಾಟಲಿ, ಜೊತೆಗೆ ಒಂದು ಪೊಟ್ಟಣದಲ್ಲಿ ಒಣ ಒರೆಗಾನೊ, ಕುಟ್ಟಿದ ಕೊತ್ತಂಬರಿ ಬೀಜ ಕೊಡಿ. ಅವರವರ ಮನೆಯಲ್ಲಿ ಆಗಿಂದಾಗ ಕಲಸಿಕೊಳ್ಳುತ್ತಾರೆ.

ಬಸವನಗುಡಿ_ಅಡುಗೆಮನೆ

ಕೇಳಿದ್ದು ಒಳ್ಳೆಯದಾಯಿತು. ಪೊಟ್ಟಣದ ಉಪಾಯ ತುಂಬಾ ಹಿಡಿಸಿತು, ಹಾಗೇ ಮಾಡುತ್ತೇನೆ. ನಮ್ಮ ಮಾವನಿಗೆ ಬಿ.ಪಿ. ಇದೆ, ಅವರಿಗೆ ಕೊಡಬಹುದಾ?

ಮಂಗಳೂರು_ಮಸಾಲೆ

ಎಷ್ಟು ಉಪ್ಪು ತಿನ್ನಬಹುದು ಅಂತ ಡಾಕ್ಟರ್ ಹೇಳಿರುತ್ತಾರಲ್ಲ, ಅದರಲ್ಲೇ ಇದನ್ನೂ ಸೇರಿಸಿ ನೋಡಬೇಕು. ಉಪ್ಪು ಇಳಿಸುವುದು ಸುಲಭ. ತಿನ್ನುವಷ್ಟು ಕಾಯಿ ತೊಳೆದು, ತಣ್ಣೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ನೀರು ಚೆಲ್ಲಿ. ಪೂರ್ತಿ ಹೋಗುವುದಿಲ್ಲ, ಕಡಿಮೆ ಆಗುತ್ತದೆ. ಇಡೀ ಜಾಡಿಯ ಉಪ್ಪುನೀರು ಬದಲಿಸಬೇಡಿ, ಬೂಸು ಹಿಡಿಯುತ್ತದೆ. ಆಲಿವ್ ಹಾಕುವ ಅಡುಗೆಗೆ ಉಪ್ಪನ್ನು ಕೊನೆಗೆ, ರುಚಿ ನೋಡಿ ಹಾಕಿ.

ಹುಬ್ಬಳ್ಳಿ_ರೊಟ್ಟಿ

ನಾನು ಇದನ್ನು ಬೇರೆ ದಾರಿಯಲ್ಲಿ ತಿನ್ನುತ್ತೇನೆ. ಕಲಮಾಟ ಕಾಯಿಯ ಬೀಜ ತೆಗೆದು, ಕೇಪರ್ಸ್ (ಉಪ್ಪಿಗೆ ಹಾಕಿದ ಸಣ್ಣ ಹೂಮೊಗ್ಗು), ಒಂದು ಎಸಳು ಬೆಳ್ಳುಳ್ಳಿ, ಥೈಮ್, ನಿಂಬೆರಸ, ಎಣ್ಣೆ ಹಾಕಿ ಒರಳಿನಲ್ಲಿ ತರಿತರಿಯಾಗಿ ಕುಟ್ಟುತ್ತೇನೆ. ದಕ್ಷಿಣ ಫ್ರಾನ್ಸ್‌ನ ಟ್ಯಾಪನಾಡ್ ಇದು. ಅವರು ಮೀನು ಹಾಕುತ್ತಾರೆ, ಸಸ್ಯಾಹಾರಿಗಳು ಅದು ಬಿಟ್ಟು ಕೇಪರ್ಸ್ ಸ್ವಲ್ಪ ಜಾಸ್ತಿ ಹಾಕಿದರೆ ಆಯಿತು. ಬಿಸಿ ಜೋಳದ ರೊಟ್ಟಿ, ಮೇಲೆ ಇದು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಒಮ್ಮೆ ಮಾಡಿ ನೋಡಿರಿ. ಒಗ್ಗರಣೆ ಕೊಟ್ಟು ಚಿತ್ರಾನ್ನಕ್ಕೂ ಹಾಕಿದ್ದೇನೆ, ಅದೂ ಚಲೋ ಆಗಿತ್ತು.

ಲಿಮಸೋಲ್_ನಿವಾಸಿ

ರೊಟ್ಟಿ ಜೊತೆ ಟ್ಯಾಪನಾಡ್ ಒಪ್ಪುತ್ತೇನೆ, ಜೋಳಕ್ಕೆ ಅಂಥ ಗಟ್ಟಿ ರುಚಿ ಬೇಕು. ಚಿತ್ರಾನ್ನದ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಇಂಗು, ಸಾಸಿವೆ, ಅರಿಶಿನದ ನಡುವೆ ಆಲಿವ್ ಉಪ್ಪಾಗಿ ಮಾತ್ರ ಉಳಿಯುತ್ತದೆ, ಅದರ ಹಣ್ಣಿನ ರುಚಿ ಕಾಣುವುದಿಲ್ಲ. ಒಳ್ಳೆಯ ಕಾಯಿ ಅಲ್ಲಿ ಹಾಕಿ ಕಳೆಯಬೇಡಿ. ಬೇಯುವ ಅಡುಗೆಗೂ ಇದೇ ಮಾತು. ಮೊರಾಕೊದಲ್ಲಿ ಉಪ್ಪಿನಲ್ಲಿಟ್ಟ ನಿಂಬೆ ಜೊತೆ ಆಲಿವ್ ಹಾಕಿ ತಜೀನ್ ಅನ್ನುವ, ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸುವ ಅಡುಗೆ ಮಾಡುವಾಗಲೂ ಕಾಯಿ ಬೀಳುವುದು ಕೊನೆಗೆ. ಹೆಚ್ಚು ಕುದಿಸಿದರೆ ಉಪ್ಪೆಲ್ಲ ಸಾರಿಗೆ ಬಿಟ್ಟು ಕಾಯಿ ಮೆತ್ತಗಾಗುತ್ತದೆ.

ಗ್ರೀಸ್‌ಗೋ ಸೈಪ್ರಸ್‌ಗೋ ಬರುವ ಸಸ್ಯಾಹಾರಿಗಳಿಗೆ ಒಂದು ಸಹಾಯದ ಮಾತು. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮೊದಲು ಉಪವಾಸ ಮಾಡುತ್ತಾರೆ. ಆಗ ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಆ ಅಡುಗೆಗೆ ನಿಸ್ತಿಸಿಮಾ ಅನ್ನುತ್ತಾರೆ. ಬೇಕರಿಯಲ್ಲಿ ಹಾಗೆ ಕೇಳಿದರೆ ಎಲಿಯೋಪಿತಾ ಕೊಡುತ್ತಾರೆ: ಆಲಿವ್, ಈರುಳ್ಳಿ, ಪುದೀನ ಅಥವಾ ಕೊತ್ತಂಬರಿ ಸೊಪ್ಪು ಹಾಕಿ ಸುಟ್ಟ ರೊಟ್ಟಿ. ಆದರೆ ಸಿಗಡಿ, ಕಪ್ಪೆಚಿಪ್ಪು ಅವರ ಉಪವಾಸಕ್ಕೆ ನಡೆಯುತ್ತದೆ. ಹೋಟೆಲಿನಲ್ಲಿ ಅದನ್ನೂ ಬಾಯಿಬಿಟ್ಟು ಕೇಳಿಕೊಳ್ಳಿ.

ಹುಬ್ಬಳ್ಳಿ_ರೊಟ್ಟಿ

ಚಿತ್ರಾನ್ನಕ್ಕೆ ನಾನು ಹಾಕುವುದು ಅಗ್ಗದ ಹಸಿರು ಬಳೆ, ಕಲಮಾಟ ಅಲ್ಲ. ಮಕ್ಕಳಿಗೆ ಆ ಉಪ್ಪು ಕಚ್ಚುವುದೇ ಇಷ್ಟ. ನಮ್ಮ ಮನೆಯಲ್ಲಿ ಅದು ನಡೆಯುತ್ತದೆ.

ಶಿರಸಿ_ಮಿಡಿ

ಆಲಿವ್ ಗಿಡ ಇಲ್ಲಿ ಬೆಳೆಯುತ್ತದಾ? ನರ್ಸರಿಯಲ್ಲಿ ನೋಡಿದ್ದೆ.

ತಾರಸಿ_ತೋಟ

ಗಿಡ ಬೆಳೆಯುತ್ತದೆ, ಕಾಯಿ ನಂಬಬೇಡಿ. ಹೂ ಬಿಡಬೇಕಾದರೆ ಆಲಿವ್‌ಗೆ ಚಳಿಗಾಲದ ಗಟ್ಟಿ ಚಳಿ ಬೇಕು. ಬೆಂಗಳೂರಿನ ಚಳಿ ಸಾಲದು, ಶಿರಸಿಯಲ್ಲಿ ಮಳೆ ಬೇರೆ ಜಾಸ್ತಿ, ಬೇರು ಕೊಳೆಯುತ್ತದೆ. ರಾಜಸ್ಥಾನದಲ್ಲಿ 2008ರ ಸುಮಾರಿಗೆ ಇಸ್ರೇಲ್ ನೆರವಿನಿಂದ ಗಿಡ ತರಿಸಿ ತೋಟ ಮಾಡಿದರು. ಬಿಕಾನೇರ್ ಕಡೆ ಎಣ್ಣೆ ತೆಗೆಯುವ ಘಟಕವೂ ಆಯಿತು. ಅಲ್ಲಿ ಮರುಭೂಮಿಯ ಚಳಿ ಇದೆ.

ಕೇರಳದಲ್ಲಿ ಕಾರಕ್ಕ ಅಂತ ಉಪ್ಪುನೀರಿನಲ್ಲಿ ಹಾಕಿ ಮಾರುವ ಹಸಿರು ಕಾಯಿ ನೋಡಲು ಆಲಿವ್ ಹಾಗೆ ಇರುತ್ತದೆ. ಅದು ಬೇರೆ ಮರ, ಸಂಬಂಧ ಇಲ್ಲ. ರುಚಿ ಹುಳಿ.

ಕುಂಡದಲ್ಲಿ ಬೆಳೆಸಬೇಕು ಅಂತ ಆಸೆ ಇದ್ದರೆ ರೋಸ್‌ಮೆರಿ, ಥೈಮ್ ಹಾಕಿ. ಮಣ್ಣಿಗೆ ಮೂರನೇ ಒಂದು ಪಾಲು ದಪ್ಪ ಮರಳು ಬೆರೆಸಿ. ಬೆರಳು ಇಳಿಸಿ ಒಣಗಿದ್ದರೆ ಮಾತ್ರ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗೆ ಇಡಿ. ಇವು ಬಿಸಿಲಿಗೆ ಸಾಯುವುದಿಲ್ಲ, ನಮ್ಮ ಮಳೆಗೆ ಸಾಯುತ್ತವೆ. ರೋಸ್‌ಮೆರಿ ಬೀಜದಿಂದ ಬರುವುದು ನಿಧಾನ, ಕಡ್ಡಿ ನೆಡಿ.

ಬಸವನಗುಡಿ_ಅಡುಗೆಮನೆ

ಕೊನೆಯದಾಗಿ ಎರಡು. ಕಾಯಿ ಮುಗಿದ ಮೇಲೆ ಉಳಿದ ಉಪ್ಪುನೀರು ಏನು ಮಾಡುವುದು? ಬೀಜ ಸುಲಭವಾಗಿ ತೆಗೆಯುವುದು ಹೇಗೆ? ಚಾಕುವಿನಿಂದ ಕೊಯ್ದು ಕೊಯ್ದು ಕೈ ಸೋತಿತು.

ಲಿಮಸೋಲ್_ನಿವಾಸಿ

ಉಪ್ಪುನೀರು ಚೆಲ್ಲಬೇಡಿ. ಬ್ರೆಡ್ ಅಥವಾ ಚಪಾತಿ ಹಿಟ್ಟು ಕಲಸುವಾಗ ಉಪ್ಪಿನ ಬದಲು ಎರಡು ಚಮಚ ಹಾಕಿ. ಬೇಯಿಸಿದ ಕಡಲೆಕಾಳಿಗೆ, ಆಲೂಗಡ್ಡೆಗೆ ಎಣ್ಣೆ ನಿಂಬೆ ಜೊತೆ ಕಲಸಿ. ಹೊಸ ತರಕಾರಿ ಹಾಕಿ ಉಪ್ಪಿನಕಾಯಿ ಮಾಡಲು ಮಾತ್ರ ಬಳಸಬೇಡಿ, ಉಪ್ಪು ಹುಳಿ ಆಗಲೇ ತೆಳುವಾಗಿರುತ್ತದೆ. ಜಾಡಿಯಲ್ಲಿ ಕಾಯಿ ಇರುವಷ್ಟು ದಿನ ನೀರಿನಲ್ಲಿ ಮುಳುಗಿರಲಿ, ಒಣ ಚಮಚ ಹಾಕಿ, ಫ್ರಿಜ್‌ನಲ್ಲಿ ಇಡಿ. ಎಷ್ಟು ದಿನ ಅನ್ನುವುದಕ್ಕೆ ಜಾಡಿ ಮೇಲೆ ಬರೆದದ್ದೇ ಲೆಕ್ಕ. ಕೆಟ್ಟ ವಾಸನೆ ಬಂದರೆ, ಕಾಯಿ ಲೊಳೆ ಆದರೆ, ಮುಚ್ಚಳ ಉಬ್ಬಿದರೆ ರುಚಿ ಕೂಡ ನೋಡದೆ ಎಸೆಯಿರಿ.

ಬೀಜಕ್ಕೆ ಚಾಕು ಬೇಡ. ಕಾಯಿಯನ್ನು ಮಣೆಯ ಮೇಲಿಟ್ಟು ಲೋಟದ ತಳದಿಂದ ಒಮ್ಮೆ ಒತ್ತಿ. ಸಿಪ್ಪೆ ಸೀಳಿ ಬೀಜ ತಾನೇ ಹೊರಬರುತ್ತದೆ. ಕಲಮಾಟಕ್ಕೆ ಇದು ಸಲೀಸು. ಹಲ್ಕಿದಿಕಿ ಗಟ್ಟಿ, ಅದಕ್ಕೆ ಸ್ವಲ್ಪ ಬಲ ಬೇಕು. ಥ್ರೂಂಬಾ ಹಾಗೇ ಬಿಡಿ, ಬಾಯಲ್ಲೇ ಬೀಜ ಬಿಡಿಸಿಕೊಂಡು ತಿನ್ನುವ ಕಾಯಿ ಅದು. ಸಣ್ಣ ಮಕ್ಕಳಿಗೆ ಕೊಡುವುದಿದ್ದರೆ ಮಾತ್ರ ಬೀಜ ತೆಗೆದು, ಚೂರು ಉಳಿದಿಲ್ಲ ಅಂತ ಬೆರಳಲ್ಲಿ ಮುಟ್ಟಿ ನೋಡಿ ಕೊಡಿ.